ಕುದುರೆಯನ್ನು ದಾಟುವ ಮುನ್ನ

ಥಾರ್ನ್‌ಬೆಕ್ ಊರಿನಲ್ಲಿ ಆ ವಸಂತಕಾಲ ಪೂರ್ತಿ ಒಂದೇ ತಕರಾರು: ಹಳೆಯ ರೈಲು ದಾರಿಯಲ್ಲಿ ಕುದುರೆಗಳು ಇರಬೇಕೋ, ಬೇಡವೋ. ರೈಲು ನಿಂತು ಎರಡು ತಲೆಮಾರು ಕಳೆದಿತ್ತು. ಹಳಿ ಕಿತ್ತು, ಜಲ್ಲಿ ಹಾಸಿ, ದಮ್ಮಸು ಮಾಡಿದ ಆ ಆರು ಮೈಲಿಯ ಹಾದಿಯಲ್ಲಿ ನಾಯಿ ಹಿಡಿದವರು, ಮಗುವಿನ ಗಾಡಿ ತಳ್ಳುವವರು, ಸೈಕಲ್ಲಿನವರು, ಕುದುರೆ ಏರಿದವರು ಎಲ್ಲರೂ ಓಡಾಡುತ್ತಿದ್ದರು. ಹಾದಿ ಅಗಲವಾಗಿರುವ ಕಡೆ ಯಾರಿಗೂ ಯಾರ ಹಂಗೂ ಇರಲಿಲ್ಲ. ಬಂಡೆ ಸೀಳಿ ತೆಗೆದ ಓಣಿಯೊಳಗೆ ಅದು ಕಿರಿದಾಗುವಲ್ಲಿ ಮಾತ್ರ ಒಬ್ಬರಿಗೊಬ್ಬರು ಅಡ್ಡವಾಗುತ್ತಿದ್ದರು.

ಲದ್ದಿ ಚಕ್ರಕ್ಕೆ ಮೆತ್ತುತ್ತದೆ, ಮಳೆಯ ವಾರಗಳಲ್ಲಿ ಗೊರಸುಗಳು ಹಾದಿಯನ್ನು ಉತ್ತುಹಾಕುತ್ತವೆ ಎಂದು ಸೈಕಲ್ಲಿನವರು ದೂರುತ್ತಿದ್ದರು. ಸೈಕಲ್ಲಿನವರು ಬಾಣದ ಹಾಗೆ ಬರುತ್ತಾರೆ ಎಂದು ಕುದುರೆಯವರು. ಎರಡೂ ಬೇಡ ಎಂದು ನಡೆಯುವವರು. ಆದರೆ ಈ ದೂರುಗಳೆಲ್ಲ ಅಂಚೆ ಕಚೇರಿಯ ಸಾಲಿನಲ್ಲಿ, ಪಬ್ಬಿನ ಮೂಲೆಯಲ್ಲಿ, ಅಲ್ಲಿ ಇಲ್ಲದವರ ಕುರಿತು ನಡೆಯುತ್ತಿದ್ದವು. ದಾರಿಯಲ್ಲಿ ಎದುರಾದಾಗ ಎಲ್ಲರೂ ತಲೆಯಾಡಿಸಿ, ಒಂದಿಷ್ಟು ಪಕ್ಕಕ್ಕೆ ಸರಿದು, ಏನೂ ಹೇಳದೆ ಹೋಗುತ್ತಿದ್ದರು. ಗುರುತಿಲ್ಲದವರ ನೆಮ್ಮದಿಗೆ ಮಾತಿನಿಂದ ಭಂಗ ತರಬಾರದೆಂಬುದು ಆ ಊರಿನ ಮರ್ಯಾದೆ.

ಕ್ಲೆಮೆಂಟ್ ಹಾಯ್ಲ್ ಆ ಮರ್ಯಾದೆಯಲ್ಲೇ ಬೆಳೆದವನು. ಅರವತ್ತಾರರ ವಯಸ್ಸು, ನಲವತ್ತು ವರ್ಷ ಊರಿನ ಬಾಗಿಲುಗಳಿಗೆ ಕಾಗದ ಹಾಕಿ ನಿವೃತ್ತನಾದ ಅಂಚೆಯವ. ಏಪ್ರಿಲಿನ ಎರಡನೆಯ ಶನಿವಾರ ಸೈಕಲ್ಲಿನಲ್ಲಿ ಬಂಡೆಯ ಓಣಿಯನ್ನು ಹೊಕ್ಕಾಗ, ಮುಂದೆ ಹಿಲರಿ ನಟ್ಟಲ್ ತನ್ನ ಕಂದು ಕುದುರೆಯ ಮೇಲೆ ನಡಿಗೆಯ ವೇಗದಲ್ಲಿ ಹೋಗುತ್ತಿದ್ದಳು. ಕುದುರೆಯ ಹೆಸರು ಪುಡ್ಡಿಂಗ್. ಗಂಟೆ ಬಾರಿಸಿದರೆ ಪ್ರಾಣಿ ಬೆದರೀತು, ಆಕೆಗೂ ತೊಂದರೆ ಎಂದು ಕ್ಲೆಮೆಂಟ್ ಗಂಟೆಯಿಂದ ಬೆರಳು ತೆಗೆದ. ತುಳಿಯುವುದನ್ನು ನಿಲ್ಲಿಸಿದರೆ ಹಿಂದಿನ ಚಕ್ರ ಟಿಕ್ ಟಿಕ್ ಎನ್ನುತ್ತದೆಂದು, ಅದೂ ಬೇಡವೆಂದು, ಮೆಲ್ಲಗೆ ತುಳಿಯುತ್ತಲೇ ಇದ್ದ. ಉಸಿರನ್ನೂ ಹಿಡಿದಿದ್ದ. ಹೀಗೆ ಬೆಕ್ಕಿನ ಹೆಜ್ಜೆಯಲ್ಲಿ ಹತ್ತಿರವಾಗಿ ಮೂರು ಮಾರು ದೂರ ಉಳಿದಾಗ ಕುದುರೆ ಇದ್ದಕ್ಕಿದ್ದಂತೆ ಹಿಂಭಾಗವನ್ನು ಅಡ್ಡಕ್ಕೆ ಬೀಸಿತು. ಕ್ಲೆಮೆಂಟ್ ಎಡಕ್ಕೆ ತಿರುಗಿಸಿದ. ಎಡಕ್ಕೆ ಬಂಡೆ ಇತ್ತು.

ಎಡ ಹೆಗಲ ಮುಂದಿನ ಎಲುಬು ಮುರಿದಿತ್ತು. ಹಿಲರಿ ಇಳಿದು, ಒಂದು ಕೈಯಲ್ಲಿ ಲಗಾಮು ಹಿಡಿದುಕೊಂಡೇ ಆಂಬುಲೆನ್ಸಿಗೆ ಫೋನು ಮಾಡಿದಳು. ಅದು ಬರುವವರೆಗಿನ ನಲವತ್ತು ನಿಮಿಷದಲ್ಲಿ ಆಕೆ ಐದು ಸಲ ಕ್ಷಮಿಸಿ ಎಂದಳು, ಅವನು ನಾಲ್ಕು ಸಲ. ಬೇರೆ ಮಾತು ನಡೆಯಲಿಲ್ಲ. ಮೂರನೆಯ ದಿನ ಹಾಯ್ಲ್ ದಂಪತಿಗಳ ಬಾಗಿಲ ಮುಂದೆ ಒಂದು ಸೀಸೆ ಕಿತ್ತಳೆ ಮಾರ್ಮಲೇಡ್ ಇತ್ತು, ಜೊತೆಗೆ ಹಿಲರಿಯ ಒಂದು ಚೀಟಿ. ಇಟ್ಟವರು ಬಾಗಿಲು ತಟ್ಟಿರಲಿಲ್ಲ.

"ತಪ್ಪಿಲ್ದೆ ಇರೋರು ಮಾರ್ಮಲೇಡ್ ಯಾಕೆ ಕೊಡ್ತಾರೆ?" ಎಂದು ಕ್ಲೆಮೆಂಟ್ ಹೆಂಡತಿಯನ್ನು ಕೇಳಿದ.

"ಮನುಷ್ಯರು ಕೊಡ್ತಾರೆ," ಎಂದು ಮೊರೀನ್ ಸೀಸೆಯ ಮುಚ್ಚಳ ತಿರುಗಿಸಿದಳು.

ಕೈಯನ್ನು ಕೊರಳಿಗೆ ಕಟ್ಟಿ ಕುಳಿತವನಿಗೆ ಹೊತ್ತು ಹೋಗುವುದು ಕಷ್ಟ. ಕ್ಲೆಮೆಂಟ್ ಬಲಗೈಯಲ್ಲಿ ಒಂದು ಮನವಿ ಬರೆದ: ರೈಲು ದಾರಿಯಿಂದ ಕುದುರೆಗಳನ್ನು ಸಂಪೂರ್ಣವಾಗಿ ಹೊರಗಿಡಬೇಕು. ಮೊದಲ ಸಹಿ ಅವನದೇ. ಪಬ್ಬಿನಲ್ಲಿ, ಬೇಕರಿಯಲ್ಲಿ, ಸೈಕಲ್ ಅಂಗಡಿಯಲ್ಲಿ ಇಟ್ಟ ಹಾಳೆಗಳು ತಿಂಗಳೊಳಗೆ ನೂರ ಹನ್ನೆರಡು ಹೆಸರು ಹೊತ್ತು ಮರಳಿದವು. ಜೂನ್ ಮೊದಲ ಮಂಗಳವಾರ ಗ್ರಾಮ ಮಂಡಳಿ ಅದನ್ನು ಮತಕ್ಕೆ ಹಾಕುವುದೆಂದು ತೀರ್ಮಾನವಾಯಿತು. ಮನವಿಯ ಎರಡನೆಯ ಸಾಲಿನಲ್ಲಿ "ಒದೆಯಲು ಬಂದ ಕುದುರೆ" ಎಂಬ ಮಾತು ಇತ್ತು. ಕ್ಲೆಮೆಂಟ್ ಅದನ್ನು ಬರೆಯುವಾಗ ಒಂದು ಕ್ಷಣ ಪೆನ್ನು ನಿಲ್ಲಿಸಿದ್ದ. ಆಮೇಲೆ ಊರಿನ ಬಾಯಲ್ಲಿ "ಒದೆಯಲು ಬಂದ" ಎಂಬುದು "ಒದ್ದ" ಎಂದಾದಾಗ, ಅವನು ಯಾರನ್ನೂ ತಿದ್ದಲಿಲ್ಲ.

ಮೇ ತಿಂಗಳ ಒಂದು ಗುರುವಾರ ಮಧ್ಯಾಹ್ನ ಮೊರೀನಳ ತಮ್ಮ ಲೆನ್ ಟಿಂಡಲ್ ಚಹಾಕ್ಕೆ ಬಂದ. ಅವನು ಕುದುರೆಗಳಿಗೆ ಲಾಳ ಹೊಡೆಯುವವನು. ಭಾನುವಾರಗಳಲ್ಲಿ ಕ್ಲೆಮೆಂಟನ ಜೊತೆಗೇ ಸೈಕಲ್ ತುಳಿಯುವವನು. ಅಡಿಗೆಮನೆಯ ಮೇಜಿನ ಒಂದು ತುದಿಗೆ ಮನವಿಯ ಹಾಳೆಗಳು, ಇನ್ನೊಂದು ತುದಿಗೆ ಶುಂಠಿ ಬಿಸ್ಕತ್ತು.

ಆ ದಿನ ಬೆಳಿಗ್ಗೆ ತಾನು ಪುಡ್ಡಿಂಗ್‌ಗೆ ಹೊಸ ಲಾಳ ಹೊಡೆದು ಬಂದುದಾಗಿ ಲೆನ್ ಹೇಳಿದ. ಹಿಲರಿಯ ಹುಲ್ಲುಗಾವಲಿನ ಒಂದು ಮಗ್ಗುಲಿಗೆ ರೈಲು ದಾರಿ, ಇನ್ನೊಂದು ಮಗ್ಗುಲಿಗೆ ಕಲ್ಲು ಕ್ವಾರಿಯ ಲಾರಿಗಳು ಬಿಡುವಿಲ್ಲದೆ ಓಡುವ ಹೆದ್ದಾರಿ. ಮೂರನೆಯ ದಾರಿ ಇಲ್ಲ. ಮಂಡಳಿ ಕುದುರೆ ಬೇಡವೆಂದರೆ ಪುಡ್ಡಿಂಗನ್ನು ದಕ್ಷಿಣದ ಕಡೆಯ ಯಾರಿಗೋ ಕೊಟ್ಟುಬಿಡುವುದೆಂದು ಆಕೆ ಗೊತ್ತುಮಾಡಿಕೊಂಡಿದ್ದಾಳೆ. ಹದಿನಾಲ್ಕು ವರ್ಷ ಸಾಕಿದ ಕುದುರೆ. ಅದನ್ನು ಹೇಳುವಾಗ ಆಕೆ ಕುದುರೆಯ ಕೇಸರದಲ್ಲಿ ಸಿಕ್ಕಿದ ಹುಲ್ಲುಕಡ್ಡಿಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಳಂತೆ.

ಲೆನ್ ಮನವಿಯ ಮೇಲಿನ ಹಾಳೆಯನ್ನು ಎಳೆದುಕೊಂಡು ಓದಿದ.

"ಒದೆಯೋಕೆ ಬಂತಾ, ಕ್ಲೆಮ್?"

ಕ್ಲೆಮೆಂಟ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅದ್ದಿದ್ದರಿಂದ ಅರ್ಧ ಮುರಿದು ಒಳಗೆ ಬಿತ್ತು.

"ಹಿಂಭಾಗ ತಿರುಗಿಸ್ತು," ಎಂದ.

"ಅದು ಯಾರಪ್ಪಾ ಹಿಂದೆ ಅಂತ ನೋಡೋದು. ಕುದುರೆಗೆ ಸುತ್ತಲೂ ಕಾಣುತ್ತೆ, ಬಾಲದ ಹಿಂದೆ ನೆಟ್ಟಗೆ ಇರೋ ಜಾಗ ಒಂದು ಬಿಟ್ಟು. ನೀನು ಸರಿಯಾಗಿ ಅಲ್ಲೇ ಬಂದೆ. ಅದೂ ಉಸಿರು ಬಿಗಿಹಿಡ್ಕೊಂಡು. ಸದ್ದಿಲ್ದೆ ಹಿಂದಿನಿಂದ ಬರೋದೆಲ್ಲ ಕುದುರೆ ಲೆಕ್ಕದಲ್ಲಿ ಒಂದೇ. ತಿನ್ನೋಕೆ ಬರೋದು."

"ನಾನು ಮರ್ಯಾದೆಗೆ ಸುಮ್ಮನಿದ್ದೆ."

"ತೋಳನೂ ಹಾಗೇ ಬರುತ್ತೆ, ತುಂಬ ಮರ್ಯಾದೆಯಿಂದ."

ಮೊರೀನ್ ನಕ್ಕಳು. ಆಕೆಗೆ ಗಂಡನನ್ನು ಕೆಣಕಲು ಸಿಕ್ಕ ಅವಕಾಶ ಅದು, ಬಿಡಲಿಲ್ಲ. "ನಲವತ್ತು ವರ್ಷ ಆ ಹೆಂಗಸಿನ ಮನೆ ಬಾಗಿಲಿಗೆ ಕಾಗದ ಹಾಕಿದ್ದೀಯ. ಒಂದು ಮಾತಾದ್ರೂ ಆಡಿದ್ಯಾ?"

"ನಾಯಿ ಕಚ್ಚುತ್ತಾ ಅಂತ ಒಂದ್ಸಲ ಕೇಳಿದ್ದೆ."

ಲೆನ್ ಅಕ್ಕನ ಕಡೆಗೆ ತಿರುಗಿದ. ನೀನೇನೂ ಅವನಿಗಿಂತ ಮೇಲಲ್ಲ ಎಂದ. ಮೊರೀನ್ ದಿನಾ ಸಂಜೆ ಆ ಹಾದಿಯಲ್ಲಿ ನಡೆಯುತ್ತಾಳೆ. ಕುದುರೆ ಕಂಡೊಡನೆ ಜಾಗ ಬಿಡಬೇಕೆಂದು ಮುಳ್ಳುಬೇಲಿಯ ಹಿಂದೆ ಹೋಗಿ ನಿಲ್ಲುತ್ತಾಳೆ. ಪೊದೆಯ ಹಿಂದೆ ಅಲುಗಾಡದೆ ನಿಂತ ಮನುಷ್ಯಾಕಾರ ಕುದುರೆಗೆ ಹೇಗೆ ಕಾಣುತ್ತದೆಂದು ಯೋಚಿಸಿದ್ದಾಳೆಯೇ? ಕಾಣುವ ಹಾಗೆ ಹಾದಿಯ ಅಂಚಿನಲ್ಲಿ ನಿಂತು, ನಾಯಿಯಿದ್ದರೆ ಹಗ್ಗ ಮೋಟು ಮಾಡಿ ಹಿಡಿದು, ಸವಾರರಿಗೊಂದು ಮಾತು ಹೇಳಿದರೆ ಸಾಕು. ಮಾತು ಕೇಳಿದರೆ ಕುದುರೆಗೆ ಇದು ಮನುಷ್ಯ, ದಿನಾ ನೋಡುವ ಪ್ರಾಣಿ ಎಂದು ಗೊತ್ತಾಗುತ್ತದೆ.

ಮೊರೀನಳ ನಗು ಅಲ್ಲಿಗೆ ನಿಂತಿತು. ಹದಿನೈದು ವರ್ಷದಿಂದ ಬೇಲಿಯ ಮುಳ್ಳು ಚುಚ್ಚಿಸಿಕೊಂಡು ತಾನು ಮಾಡಿದ್ದು ಉಪಕಾರವೆಂದೇ ಆಕೆ ತಿಳಿದಿದ್ದಳು.

"ಬಾಯಲ್ಲಿ ಹೇಳೋದು ಸುಲಭ," ಎಂದ ಕ್ಲೆಮೆಂಟ್. "ಗಂಟೆ ಯಾತಕ್ಕಿದೆ ಹಾಗಾದ್ರೆ?"

ಗಂಟೆ ದೂರದಿಂದಾದರೆ ಪರವಾಗಿಲ್ಲ, ಹತ್ತಿರ ಬಂದ ಮೇಲೆ ಬಾರಿಸಿದರೆ ಕೇಡು, ಎಲ್ಲಕ್ಕಿಂತ ದನಿಯೇ ಮೇಲು ಎಂದು ಲೆನ್ ಹೇಳಿದ. ನಂಬದಿದ್ದರೆ ಶನಿವಾರ ಹಿಲರಿಯ ಹುಲ್ಲುಗಾವಲಿಗೆ ಬಾ, ನಿನ್ನ ಕಣ್ಣಿಂದಲೇ ನೋಡು ಎಂದು ಕರೆದ. ಕ್ಲೆಮೆಂಟ್ ಬರುವುದಿಲ್ಲವೆಂದ. ಶನಿವಾರ ಬಂದ.

ಕೊರಳ ಪಟ್ಟಿ ಬಿಚ್ಚಿ ಎರಡು ದಿನವಾಗಿತ್ತಷ್ಟೆ. ತನ್ನ ಸೈಕಲ್ಲಿನ ಎತ್ತರದ ಅಡ್ಡಪಟ್ಟಿ ದಾಟಲು ಹೆಗಲು ಒಪ್ಪದೆ, ಮುಂದೆ ಬೆತ್ತದ ಬುಟ್ಟಿಯಿದ್ದ ಮೊರೀನಳ ಸೈಕಲ್ಲನ್ನು ತಂದಿದ್ದ. ಬುಟ್ಟಿಯಲ್ಲಿ ಹಿಂದಿನ ವಾರದ ಈರುಳ್ಳಿ ಸಿಪ್ಪೆ ಹಾಗೇ ಇತ್ತು. ಹಿಲರಿ ಪುಡ್ಡಿಂಗ್ ಮೇಲೆ ಕುಳಿತಿದ್ದಳು. ಐವತ್ತೆಂಟರ ಸಣಕಲು ಹೆಂಗಸು. ಶಾಲೆಯ ಅಡಿಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸ. ಇಬ್ಬರೂ ತಲೆಯಾಡಿಸಿದರು. ಬೆಳಗಿನ ಬಿಸಿಲು ಒದ್ದೆ ಹುಲ್ಲಿನ ಮೇಲೆ, ಏನನ್ನೋ ಮರೆತವರಂತೆ, ಅಲ್ಲಲ್ಲಿ ಮಾತ್ರ ಬಿದ್ದಿತ್ತು.

ಮೊದಲು ಆ ದಿನ ಹೇಗೆ ಬಂದೆಯೋ ಹಾಗೇ ಬಾ, ಹದಿನೈದು ಹೆಜ್ಜೆ ಇರುವಾಗ ನಿಲ್ಲು, ಕಿವಿಗಳನ್ನು ಮಾತ್ರ ನೋಡು ಎಂದು ಲೆನ್ ಹೇಳಿದ್ದ. ಕ್ಲೆಮೆಂಟ್ ಮೌನವಾಗಿ ತುಳಿದ. ನಲವತ್ತು ಹೆಜ್ಜೆ ದೂರದಲ್ಲೇ ಪುಡ್ಡಿಂಗ್‌ನ ಕಿವಿಗಳು ನಿಮಿರಿದವು. ತಲೆ ಮೇಲೆದ್ದಿತು. ಇಪ್ಪತ್ತರಲ್ಲಿ ಬೆನ್ನು ಕೆಳಗಾಗಿ ಹಿಂಗಾಲುಗಳು ನಿಂತಲ್ಲೇ ತುಳಿಯತೊಡಗಿದವು. ಜೀನಿನ ಮೇಲೆ ಹಿಲರಿಯ ಹೆಗಲುಗಳೂ ಸೆಟೆದವು. ಹದಿನೈದರಲ್ಲಿ ಕ್ಲೆಮೆಂಟ್ ನಿಂತ. ಅಷ್ಟು ದೊಡ್ಡ ಮೈ ತನ್ನನ್ನು ಕಂಡು ಹೆದರುತ್ತಿದೆ ಎಂಬುದು ಅವನಿಗೆ ಆಗ ತಿಳಿಯಿತು. ಏಪ್ರಿಲಿನಲ್ಲಿ ಬಂಡೆಗೆ ಬಡಿಯುವ ಮುಂಚಿನ ಕ್ಷಣದಲ್ಲೂ ಅವನ ಮನಸ್ಸಿನಲ್ಲಿ ಇದ್ದದ್ದು ತನ್ನ ಭಯ ಒಂದೇ.

ಎರಡನೆಯ ಸಲ ಮಾತಾಡಿಕೊಂಡು ಬರಬೇಕಿತ್ತು. ಮೂವತ್ತು ಹೆಜ್ಜೆ ಇರುವಾಗ ಅವನು ಬಾಯಿ ತೆರೆದ. ಏನೂ ಬರಲಿಲ್ಲ. ನಿಂತು, ಹಿಂದಕ್ಕೆ ಹೋದ. ಮೂರನೆಯ ಸಲವೂ ಹಾಗೇ ಆಯಿತು.

"ಪ್ರಾರ್ಥನೆ ಹೇಳ್ಬೇಕಾಗಿಲ್ಲ ಕಣೋ," ಎಂದು ಬೇಲಿಗೆ ಒರಗಿದ್ದ ಲೆನ್ ಕೂಗಿದ. "ಬಾಯಿಗೆ ಬಂದದ್ದು ಹೇಳು."

ನಾಲ್ಕನೆಯ ಸಲ ಕ್ಲೆಮೆಂಟನ ಬಾಯಿಗೆ ಬಂದದ್ದು ನಲವತ್ತು ವರ್ಷ ಅವನ ಕೈಯಲ್ಲಿ ಸವೆದ ವಿಳಾಸದ ಸಾಲು. "ನಟ್ಟಲ್, ಹನ್ನೊಂದು, ಮಿಲ್ ಲೇನ್," ಎಂದು ಅವನು ದೊಡ್ಡದಾಗಿ ಹೇಳಿದ.

ಪುಡ್ಡಿಂಗ್‌ನ ಒಂದು ಕಿವಿ ಹಿಂದಕ್ಕೆ ತಿರುಗಿತು. ಇನ್ನೊಂದು ಸಡಿಲವಾಗಿ ಮುಂದಕ್ಕೇ ಉಳಿಯಿತು. ಹಿಲರಿ ನಗುತ್ತಿದ್ದಳು, ನಗುವವರ ಕೈಯಲ್ಲಿ ಲಗಾಮು ಬಿಗಿಯಾಗಿರುವುದಿಲ್ಲ, ಅದು ಕುದುರೆಗೂ ತಿಳಿಯುತ್ತದೆ.

"ಇದ್ದಾಳೆ," ಎಂದು ಆಕೆ ತಿರುಗಿ ಹೇಳಿದಳು. "ಬಲಗಡೆಯಿಂದ ಬನ್ನಿ, ಮಿಸ್ಟರ್ ಹಾಯ್ಲ್. ಜಾಗ ಬಿಟ್ಟು, ನಿಧಾನಕ್ಕೆ. ಮಾತು ನಿಲ್ಲಿಸ್ಬೇಡಿ."

ಮಾತು ನಿಲ್ಲಿಸಬಾರದೆಂದರೆ ಕ್ಲೆಮೆಂಟನಿಗೆ ಗೊತ್ತಿದ್ದದ್ದು ಹದಿಮೂರು ಮತ್ತು ಹದಿನೈದು, ಮಿಲ್ ಲೇನ್. ಅವೆರಡನ್ನೂ ಹೇಳಿ ಮುಗಿಸುವಷ್ಟರಲ್ಲಿ ಕುದುರೆಯನ್ನು ದಾಟಿದ್ದ. ಪುಡ್ಡಿಂಗ್ ಆಗಲೇ ತಲೆ ತಗ್ಗಿಸಿ ಹುಲ್ಲಿಗೆ ಬಾಯಿ ಹಾಕಿತ್ತು.

ಆಮೇಲೆ ಅವರು ಬೇಲಿಯ ಬಳಿ ನಿಂತು ಮಾತಾಡಿದರು. ಆ ದಿನ ಹಿಂದೆ ಯಾರೋ ಇದ್ದಾರೆಂದು ತನಗೂ ಅನಿಸಿತ್ತು ಎಂದು ಹಿಲರಿ ಒಪ್ಪಿಕೊಂಡಳು.

"ತಿರುಗಿ ನೋಡಿದ್ರೆ, ದಾರಿ ನಂದು ಅಂತ ಗದರಿಸಿದ ಹಾಗಾಗುತ್ತೆ ಅನ್ಸಿತು. ಅದಕ್ಕೆ ಸುಮ್ಮನೆ ಹೋದೆ. ನಾನು ತಿರುಗಿದ್ದಿದ್ರೆ ನಿಮ್ಮ ಎಲುಬು ನೆಟ್ಟಗಿರ್ತಿತ್ತು."

ಹೀಗೆ ಇಬ್ಬರೂ ಪರಸ್ಪರರ ನೆಮ್ಮದಿ ಕಾಯಲು ಹೋಗಿ ಒಬ್ಬರ ಹೆಗಲು ಮುರಿದಿತ್ತು. ಆದರೂ ಕ್ಲೆಮೆಂಟ್ ಅಷ್ಟಕ್ಕೇ ಸೋಲೊಪ್ಪುವವನಲ್ಲ. ಲದ್ದಿಯ ವಿಚಾರ ಎತ್ತಿದ. ಇಳಿದು ಬೂಟಿನಿಂದ ಪಕ್ಕಕ್ಕೆ ತಳ್ಳಲು ತಾನು ಸಿದ್ಧ, ಆದರೆ ಈ ಮೊಣಕಾಲಿಗೆ ನೆಲದಿಂದ ಮತ್ತೆ ಹತ್ತಲಾಗುವುದಿಲ್ಲ, ಹತ್ತಲು ಕಟ್ಟೆ ಬೇಕು ಎಂದಳು ಹಿಲರಿ. ಹಳೆಯ ಸ್ಟೇಷನ್ನಿನ ಪ್ಲಾಟ್‌ಫಾರಂ ಒಂದು ಬಿಟ್ಟರೆ ಆರು ಮೈಲಿಯಲ್ಲಿ ಕಾಲಿಡುವಷ್ಟು ಎತ್ತರದ ಕಲ್ಲಿಲ್ಲ. ಲದ್ದಿ ಬಿಟ್ಟುಹೋಗುವುದು ಸೊಕ್ಕಿನಿಂದಲ್ಲ, ಮೊಣಕಾಲಿನಿಂದ ಎಂಬ ಸಂಗತಿ ಸೈಕಲ್ಲಿನವರ ಯಾವ ಮಾತುಕತೆಯಲ್ಲೂ ಬಂದಿರಲಿಲ್ಲ. ಓಣಿಯ ಎರಡೂ ತುದಿಗೆ ಒಂದೊಂದು ಕಲ್ಲು ಹಾಕಿಸಬಹುದೆಂದು ಲೆನ್ ಹೇಳಿದ. ಮಳೆಯ ವಾರಗಳಲ್ಲಿ, ಜಲ್ಲಿ ನಿಲ್ಲದೆ ಕೆಸರಾಗುವ ಜೇಡಿ ನೆಲದ ಒಂದು ಮೈಲಿಗೆ ಬರುವುದಿಲ್ಲ, ಬಂದಾಗ ನಡಿಗೆಯ ವೇಗ ಮೀರುವುದಿಲ್ಲ, ದೂರಕ್ಕೆ ಕಾಣುವ ಹಳದಿ ಅಂಗಿ ತೊಡುತ್ತೇನೆ ಎಂದು ಹಿಲರಿ ತಾನಾಗಿ ಹೇಳಿದಳು.

ಶರವೇಗದಲ್ಲಿ ಬರುವ, ಯಾರ ಮಾತಿಗೂ ಕಿವಿಗೊಡದ ಸೈಕಲ್ಲಿನವರ ಗತಿಯೇನು ಎಂದು ಕ್ಲೆಮೆಂಟ್ ಕೇಳಿದ.

"ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ," ಎಂದ ಲೆನ್. "ನಾನು ಹೇಳಿದ್ರೆ ಲಾಳದವನು, ಕುದುರೆ ಪರ ಅಂತಾರೆ. ನೀನು ಹೇಳು. ನೀನು ಎಲುಬು ಮುರ್ಕೊಂಡವನು."

ಮಂಡಳಿಯ ಸಭೆಗೆ ಹತ್ತು ದಿನವಿತ್ತು. ಮನವಿಯನ್ನು ಹರಿದುಹಾಕಬಹುದಿತ್ತು, ಕ್ಲೆಮೆಂಟನಿಗೆ ಅದು ಸರಿ ಕಾಣಲಿಲ್ಲ. ಅದರಲ್ಲಿ ಇದ್ದದ್ದು ಬೇರೆಯವರ ಹೆಸರುಗಳು. ತಪ್ಪು ವಿಳಾಸಕ್ಕೆ ಹೋದ ಕಾಗದವನ್ನು ಬೆಂಕಿಗೆ ಹಾಕುವುದಿಲ್ಲ, ಮರಳಿ ಒಯ್ದು ಕೊಡುತ್ತಾರೆ. ಅವನು ತನ್ನ ಹಳೆಯ ಸುತ್ತನ್ನು ಮತ್ತೆ ಹಿಡಿದ. ಒಂದೊಂದೇ ಬಾಗಿಲು ತಟ್ಟಿ, ಕುದುರೆ ಒದೆಯಲಿಲ್ಲ, ಒದೆಯಲೂ ಬರಲಿಲ್ಲ, ನಾನು ಹೇಳದೆ ಹಿಂದಿನಿಂದ ಹೋದೆ, ಆ ಸಾಲು ಸುಳ್ಳು, ಇದನ್ನು ತಿಳಿದ ಮೇಲೂ ನಿಮ್ಮ ಸಹಿ ಇರಲಿ ಎನ್ನುತ್ತೀರಾ ಎಂದು ಕೇಳಿದ. ಕೆಲವರು ನಕ್ಕರು. ಕೆಲವರು ಒಳಗೆ ಕರೆದು ಚಹಾ ಕೊಟ್ಟರು. ಒಬ್ಬ ಮುದುಕಿ, ನಿನ್ನ ದನಿ ಹೀಗಿದೆ ಎಂದು ಇವತ್ತೇ ಗೊತ್ತಾದದ್ದು ಎಂದಳು. ಸೈಕಲ್ ಅಂಗಡಿಯವನು ಬಾಗಿಲು ಹಾಕಿಕೊಂಡ. ಅರವತ್ತೇಳು ಜನ ತಮ್ಮ ಹೆಸರನ್ನು ಹೊಡೆದುಹಾಕಿದರು, ಮೂವತ್ತು ಜನ ಇರಲಿ ಎಂದರು, ಹದಿನಾಲ್ಕು ಮನೆಯಲ್ಲಿ ಯಾರೂ ಇರಲಿಲ್ಲ. ಉಳಿದ ಒಂದು ಹೆಸರು ಅವನದು. ಅದರ ಮೇಲೂ ಗೆರೆ ಎಳೆದ.

ಮಂಗಳವಾರ ಊರಿನ ಸಭಾಂಗಣದಲ್ಲಿ ಕುರ್ಚಿಗಳು ಸಾಲಲಿಲ್ಲ. ಹಿಲರಿ ಕೊನೆಯ ಸಾಲಿನಲ್ಲಿ ಕೋಟು ಕಳಚದೆ, ಎದ್ದುಹೋಗಲು ಸಿದ್ಧಳಾದವಳಂತೆ ಕುಳಿತಿದ್ದಳು. ಅಧ್ಯಕ್ಷೆ ಕರೆದಾಗ ಕ್ಲೆಮೆಂಟ್ ಎದ್ದು, ಗೆರೆ ಎಳೆದ ಹೆಸರುಗಳೂ ಎಳೆಯದ ಹೆಸರುಗಳೂ ಇದ್ದ ಹಾಳೆಗಳನ್ನು ಒಟ್ಟಿಗೆ ಮೇಜಿನ ಮೇಲಿಟ್ಟ. ಬಾಗಿಲು ಬಾಗಿಲಿಗೆ ಹೇಳಿದ್ದನ್ನೇ ಅಲ್ಲಿಯೂ ಹೇಳಿದ.

"ನಲವತ್ತು ವರ್ಷ ಈ ಊರಲ್ಲಿ ಎಲ್ಲರ ಹೆಸರು ಓದಿದ್ದೀನಿ, ಒಬ್ಬರನ್ನೂ ಕೂಗಿಲ್ಲ," ಎಂದ. "ಆ ದಿನ ಒಂದು ಸಲ ಕೂಗಿದ್ರೆ ಸಾಕಿತ್ತು. ಕುದುರೆ ಹೊರಗೆ ಹಾಕೋ ಮುಂಚೆ ನಾವು ಬಾಯಿ ಬಿಟ್ಟು ನೋಡೋಣ."

ವಾದ ಎರಡು ಗಂಟೆ ನಡೆಯಿತು. ಇರಲಿ ಎಂದ ಮೂವತ್ತು ಜನರಲ್ಲಿ ಹಲವರು ಇರಲಿ ಎಂಬುದನ್ನು ಗಟ್ಟಿಯಾಗಿಯೇ ಹೇಳಿದರು, ಅವರ ಕಾರಣಗಳೂ ಸಣ್ಣವಾಗಿರಲಿಲ್ಲ. ಕೊನೆಗೆ ಮಂಡಳಿಯ ಎಂಟು ಮಂದಿಯಲ್ಲಿ ಐವರು ಕೈ ಎತ್ತಿದರು: ಮುಂದಿನ ವಸಂತದವರೆಗೆ ಕುದುರೆಗಳು ಇರಲಿ, ಓಣಿಯ ತುದಿಗಳಿಗೆ ಹತ್ತುವ ಕಲ್ಲು ಬರಲಿ, ಒದ್ದೆ ವಾರಗಳಲ್ಲಿ ಜೇಡಿಯ ಮೈಲಿ ಕುದುರೆಗಳಿಗೆ ಮುಚ್ಚಿರಲಿ, ಆಮೇಲೆ ಮತ್ತೆ ನೋಡೋಣ. ಹಿಲರಿಗೆ ಸಿಕ್ಕಿದ್ದು ಒಂದು ವರ್ಷ. ಆಕೆ ಕೋಟಿನ ಗುಂಡಿಗಳನ್ನು ಬಿಚ್ಚಿದಳು.

ಆ ಭಾನುವಾರ ಹಾಯ್ಲ್ ದಂಪತಿಗಳು ಹಾದಿಗೆ ಹೋದರು. ಮೊರೀನ್ ನಡೆದುಕೊಂಡು, ಕ್ಲೆಮೆಂಟ್ ಸೈಕಲ್ಲನ್ನು ಪಕ್ಕದಲ್ಲಿ ತಳ್ಳಿಕೊಂಡು. ಎದುರಿಗೆ ಯಾರೋ ಬೇರೆ ಊರಿನವರ ಬಿಳಿ ಕುದುರೆ ಬಂತು. ಮೊರೀನಳ ಕಾಲು ಅಭ್ಯಾಸದಂತೆ ಬೇಲಿಯ ಕಡೆಗೆ ಹೊರಟಿತು. ಆಕೆ ಅದನ್ನು ತಡೆದು, ಅಂಚಿನಲ್ಲಿ ಕಾಣುವ ಹಾಗೆ ನಿಂತು, ಕುದುರೆಯ ಮೇಲಿದ್ದ ಗುರುತಿಲ್ಲದ ಹೆಂಗಸಿಗೆ ನಮಸ್ಕಾರ ಹೇಳಿದಳು. ಅವಳ ಕೆನ್ನೆ ಕೆಂಪಾಗಿತ್ತು. ಕುದುರೆ ನಿಶ್ಚಿಂತೆಯಿಂದ ಹಾದುಹೋಯಿತು.

ಓದುತ್ತಿರುವವರೇ, ಹಲವರು ಹಂಚಿಕೊಂಡ ಹಾದಿಗೆ ನೀವೂ ಹೋಗುವಿರಿ. ಸೈಕಲ್ಲಿನಲ್ಲಿದ್ದರೆ ಮೂವತ್ತು ಹೆಜ್ಜೆ ದೂರದಿಂದಲೇ ದನಿ ಕೊಡಿ, ವೇಗ ತಗ್ಗಿಸಿ, ಸವಾರರು ಹೇಳಿದ ಕಡೆಯಿಂದ ಅಗಲವಾಗಿ ದಾಟಿ. ನಡೆಯುತ್ತಿದ್ದರೆ ಅಡಗಬೇಡಿ, ಕಾಣುವಂತೆ ನಿಲ್ಲಿ. ಜೀನಿನ ಮೇಲಿದ್ದರೆ ತಿರುಗಿ ನೋಡಿ, ಉತ್ತರ ಕೊಡಿ, ಬಿದ್ದ ಲದ್ದಿಯನ್ನು ಇಳಿದು ಸರಿಸಿ. ನಾಚಿಕೆಯಾದರೆ ಆಗಲಿ, ಅದರಿಂದ ಎಲುಬು ಮುರಿಯುವುದಿಲ್ಲ. ಮುಂದೆ ಹೋಗುತ್ತಿರುವ ಪ್ರಾಣಿಯ ಒಂದು ಕಿವಿ ನಿಮ್ಮ ಕಡೆಗೆ ತಿರುಗುವವರೆಗೆ ಮಾತಾಡುತ್ತಿರಿ. ಆಮೇಲೆ ದಾಟಿ.